ಓಂಕಾರಪ್ಪನ ಟವೆಲ್ಲು
ದನದ ದಲ್ಲಾಳಿ ಓಂಕಾರಪ್ಪನ ಮೂಗು ಒಣಗಿದ್ದನ್ನು ಕಂಡವರಿಲ್ಲ. ಕಡೂರಾಗಲಿ, ತರೀಕೆರೆಯಾಗಲಿ, ಅಜ್ಜಂಪುರವಾಗಲಿ, ಅವನು ಸಂತೆಗೆ ಬಂದದ್ದು ಅವನ ಸೀನಿನಿಂದಲೇ ಗೊತ್ತಾಗುತ್ತಿತ್ತು. ಹೆಗಲ ಮೇಲಿನ ಟವೆಲ್ಲಿನಲ್ಲಿ ಮೂಗೊರೆಸಿಕೊಂಡು, ಅದೇ ಟವೆಲ್ಲಿನ ಮರೆಯಲ್ಲಿ ರೈತನ ಬೆರಳು ಹಿಡಿದು ಎತ್ತಿನ ಬೆಲೆ ಕುದುರಿಸುತ್ತಿದ್ದ. ಒಳಗಿನ ಅಂಟು ತಾಗಿದ ರೈತ ಕೈ ಬಿಟ್ಟರೆ ಸಾಕೆಂದು ಒಪ್ಪಿಬಿಡುತ್ತಿದ್ದ. ಅದನ್ನು ಓಂಕಾರಪ್ಪ ತನ್ನ ಜಾಣತನವೆಂದೇ ಬೀಗುತ್ತಿದ್ದ. ಹೋಟೆಲಿನಲ್ಲಿ ಪಕ್ಕದವರ ಕಾಫಿಯ ಮೇಲೆ ಸೀನಿ, "ಕುಡೀರಿ ಕುಡೀರಿ, ಏನೂ ಆಗಲ್ಲ" ಎನ್ನುತ್ತಿದ್ದ. ಸಂತೆ ಮುಗಿದ ಮೇಲೆ ಊರಿಗೆ ಊರೇ ಕೆಮ್ಮುತ್ತಿತ್ತು. ನೆಗಡಿ ಬರುವುದು ವೈರಸ್ಸಿನಿಂದ, ಅದು ಒಬ್ಬರಿಂದ ಒಬ್ಬರಿಗೆ ಅಂಟುತ್ತದೆ ಎಂದ ನರ್ಸಮ್ಮನಿಗೆ, "ಕಣ್ಣಿಗೇ ಕಾಣದ್ದು ಹೆಂಗವ್ವಾ ಅಂಟ್ತದೆ? ಬಾಳೆಹಣ್ಣು ತಿಂದ್ರೆ ಬತ್ತದೆ ಕಣವ್ವಾ ನೆಗಡಿ" ಎಂದು ಗದರಿದ್ದ. ಅಂಟುತ್ತದೆ ಎಂದವರ ಮೇಲೆ ಅವನಿಗೇಕೆ ಅಷ್ಟು ಸಿಟ್ಟೆಂದು ಹೆಂಡತಿ ಕರಿಬಸಮ್ಮನಿಗೂ ತಿಳಿದಿರಲಿಲ್ಲ. ಮಗಳು ಹೆರಿಗೆಗೆ ಬಂದು ಗಂಡುಕೂಸು ಹುಟ್ಟಿದ ಮೇಲೆ ಮಾತ್ರ ಅವನು ಮನೆಯ ಹೊಸ್ತಿಲು ದಾಟಿ ಒಳಗೆ ಬರಲಿಲ್ಲ. ಬಾಯಿಗೆ ಟವೆಲ್ಲು ಬಿಗಿದುಕೊಂಡು ದನದ ಕೊಟ್ಟಿಗೆಯಲ್ಲೇ ಮಲಗತೊಡಗಿದ. "ಅಂಟಲ್ಲ ಅಂತ ಊರಿಗೆಲ್ಲ ಸಾರ್ತೀರಲ್ಲ, ಬಂದು ಮೊಮ್ಮಗನ್ನ ಎತ್ಕಳ್ರೀ" ಎಂದು ಕರಿಬಸಮ್ಮ ಅಂಗಳದಲ್ಲಿ ನಿಂತು ಹಂಗಿಸಿದಳು. "ನಮ್ಮ ಮೊದಲ್ನೇ ಕೂಸ್ನೂ ಇಂಥಾ ನೆಗಡೀಲೇ ಎತ್ಕಂಡು ಮುದ್ದಾಡಿದ್ದೆ ಕಣೇ. ವಾರದೊಳಗೆ ಉಸಿರು ಕಟ್ಟಿ ಹೋಯ್ತಲ್ಲ" ಎಂದು ಅವನು ಗೋಡೆಯ ಕಡೆ ತಿರುಗಿಕೊಂಡ. ಕರಿಬಸಮ್ಮ ಒಳಗೆ ಹೋಗಿ ಕೂಸನ್ನು ಬಾಗಿಲವರೆಗೆ ತಂದು, ಕೊಟ್ಟಿಗೆಗೆ ಕಾಣುವಂತೆ ಎತ್ತಿ ಹಿಡಿದಳು.