ತವರಿನ ಹುಣಸೆಹಣ್ಣು

ಬೈಲಹೊಂಗಲದ ನಮ್ಮ ಶೆಡ್ಡಿನಲ್ಲಿ ಕೆಂಪವ್ವ ಸೈಕಲ್ ಗಂಟೆ ಜೋಡಿಸುತ್ತಿದ್ದಳು. ಒಳಗೆ ಹಲ್ಲಿನ ಚಕ್ರ, ಸ್ಪ್ರಿಂಗು ಕೂರಿಸಿ, ಮೇಲೆ ಬಟ್ಟಲು ತಿರುಗಿಸಿ, ಹೆಬ್ಬೆರಳಿನಿಂದ ಒಮ್ಮೆ ಒತ್ತುವಳು. ದನಿ ಸರಿಯಿಲ್ಲದಿದ್ದರೆ "ಇದಕ್ಕ ನೆಗಡಿ ಆಗೇತಿ" ಎಂದು ಬದಿಗಿಡುವಳು. ಪಾಲಿಶ್ ಚಕ್ರದ ಮುಂದೆ ಕೂತ ನನಗೆ ಆಗೆಲ್ಲ ನಗು ಬರುತ್ತಿತ್ತು. ಈಗ ಅವಳನ್ನು ನೆನೆದರೆ ಸಿಟ್ಟು ಬರುತ್ತದೆ. ಅವಳ ಮೇಲಲ್ಲ.

ಅವಳ ಗಂಡ ಶಂಕ್ರೆಪ್ಪ ಹಿಂದಿನ ಕೋಣೆಯಲ್ಲಿ ಬಟ್ಟಲುಗಳಿಗೆ ಲೇಪ ಹಾಕುತ್ತಿದ್ದ. ನಾನು ಉಜ್ಜಿ ಕೊಟ್ಟ ಕಬ್ಬಿಣದ ಬಟ್ಟಲನ್ನು ಆ್ಯಸಿಡ್ಡಿನಲ್ಲಿ ಅದ್ದಿ, ತೊಳೆದು, ಮೊದಲು ತಾಮ್ರದ ಲೇಪ ಹತ್ತುವ ತೊಟ್ಟಿಗೆ, ನಮ್ಮ ಮಾತಿನಲ್ಲಿ ತಾಮ್ರದ ಟಾಕಿಗೆ, ಆಮೇಲೆ ನಿಕ್ಕಲ್ ಟಾಕಿಗೆ ಇಳಿಸಬೇಕು. ತಾಮ್ರದ ಟಾಕಿಯ ನೀರು ಸೈನೈಡ್ ಬೆರೆಸಿದ ವಿಷ. ಅದಕ್ಕೆ ಆ್ಯಸಿಡ್ ತಾಗಬಾರದೆಂದು ಶಂಕ್ರೆಪ್ಪನಿಗೆ ಕಲಿಸಿದ್ದರು. ಆ್ಯಸಿಡ್ ಡಬ್ಬಿ ಹಿಡಿದು ಯಾರಾದರೂ ಅತ್ತ ಹೋದರೆ ಕೂಗುತ್ತಿದ್ದ: "ಅವೆರಡೂ ಸವತ್ಯಾರಪ್ಪ! ದೂರ ಇಡ್ರಿ!"

ಎಪ್ಪತ್ನಾಲ್ಕರ ದಸರೆಯಲ್ಲಿ ಯಂತ್ರ, ಹತ್ಯಾರಗಳನ್ನು ಪೂಜಿಸುವ ಖಂಡೆಪೂಜೆ ಬಂತು. ಮಾಲಕ ನೀಲಕಂಠರಾಯರಿಗೆ ಪೂಜೆಗೆ ಬರುವ ದೊಡ್ಡವರ ಮುಂದೆ ಎಲ್ಲವೂ ಫಳಫಳ ಹೊಳೆಯಬೇಕು. ತಾಮ್ರದ ಟಾಕಿಯ ನೀರನ್ನು ಡ್ರಮ್ಮಿಗೆ ತುಂಬಿಸಿದರೂ ತಳದಲ್ಲಿ ಕೆಸರುನೀರು ಉಳಿದಿತ್ತು. ಒಳಗೆ ತೂಗುಬಿಟ್ಟ ತಾಮ್ರದ ಹಲಗೆಗಳು ಕರ್ರಗಾಗಿದ್ದವು. ಶಂಕ್ರೆಪ್ಪ ಇಟ್ಟಂಗಿ ಪುಡಿಯಿಂದ ತಿಕ್ಕಿ ಸೋತ.

"ಮನ್ಯಾಗ ದೇವರ ತಂಬಿಗಿ ಯಾತರಿಂದ ತಿಕ್ಕತಿ?" ಎಂದು ಹೆಂಡತಿಯನ್ನು ಕೇಳಿದ.

"ಹುಣಸಿಹಣ್ಣಿನಿಂದ. ನಮ್ಮ ಸಂಪಗಾಂವದ್ದು ಐತಿ, ತರತೇನಿ ತಡೀರಿ."

ತವರಿನ ಗಿಡದ ಹಣ್ಣೆಂದರೆ ಅವಳಿಗೆ ಜಂಬ. ಬುಟ್ಟಿ ತುಂಬ ತಂದು, ಬಕೀಟಿನಲ್ಲಿ ಕಿವುಚಿ ಕೊಟ್ಟು, ಚೆಂಡುಹೂವಿನ ಮಾಲೆ ಕಟ್ಟಲು ಹೊರಗೆ ಬಂದಳು. ಶಂಕ್ರೆಪ್ಪ ಆ ಹುಳಿನೀರನ್ನು ಟಾಕಿಗೆ ಸುರಿದು, ಒಳಗೆ ಬಗ್ಗಿ ತಿಕ್ಕತೊಡಗಿದ. ಆ್ಯಸಿಡ್ ಅಂದರೆ ನಮಗೆಲ್ಲ ಗಾಜಿನ ಜಾಡಿಯಲ್ಲಿರುವುದು. ಹುಣಸೆಹಣ್ಣು ಅಂದರೆ ಸಾರಿಗೆ ಹಾಕುವುದು. ಅವೆರಡೂ ಒಂದೇ ಕುಲ ಎಂದು ಯಾರಿಗೆ ಹೊಳೆಯಬೇಕು?

ಮಾಲೆ ಹಿಡಿದು ಒಳಗೆ ಹೋದವಳು ಚೀರಿದಳು. ಶಂಕ್ರೆಪ್ಪ ಟಾಕಿಯ ಅಂಚಿಗೆ ಜೋತುಬಿದ್ದಿದ್ದ. ನಾವು ಕಾಲು ಹಿಡಿದು ಎಳೆದೆವು. ನನಗೂ ತಲೆ ಗಿರ್ರೆಂದಿತು. ಹೊರಗೆ ತಂದು ಮಲಗಿಸುವಷ್ಟರಲ್ಲಿ ಅವನು ಹೋಗಿಬಿಟ್ಟಿದ್ದ.

ಊರ ಬಾಯಿಗೆ ಬೀಗ ಉಂಟೇ? ಮುಟ್ಟಾದವಳು ಪೂಜೆಯ ಕೋಣೆ ಹೊಕ್ಕಳು, ದೇವಿ ಸಿಟ್ಟಾದಳು ಎಂದರು. ನಿಜ ಕೆಂಪವ್ವನಿಗೆ ಗೊತ್ತಿತ್ತು. ಹೆಣ ನೋಡಲು ಬಂದ ಡಾಕ್ಟರು ಅವಳನ್ನೂ ಮಾಲಕರನ್ನೂ ಬದಿಗೆ ಕರೆದು, ಹುಣಸೆಯ ಹುಳಿಯೂ ಆ್ಯಸಿಡ್ಡೇ, ಅದು ಬಿದ್ದೇ ವಿಷದ ಗಾಳಿ ಎದ್ದದ್ದು ಎಂದು ಹೇಳಿದ್ದರು. ಡಾಕ್ಟರು ರಾಯರ ಗೆಳೆಯ. ಕಾಗದದಲ್ಲಿ ಹೃದಯ ನಿಂತಿತು ಎಂದಷ್ಟೇ ಬರೆದರು.

"ಇದು ಹೊರಗ ಹೋದ್ರ ಶೆಡ್ಡಿಗೆ ಕೀಲಿ ಬೀಳ್ತದ ಕೆಂಪವ್ವ," ಎಂದರಂತೆ ರಾಯರು. "ನಿನಗೂ ಕೆಲಸ ಇರೂದಿಲ್ಲ. ಊರ ಮಂದಿ ನಿನ್ನನ್ನ ಅಂತಾರ, ನೋಡು."

ಅವಳು ಬಾಯಿ ಹೊಲಿದುಕೊಂಡಳು. ಕೆಲಸಕ್ಕಾಗಿ ಮಾತ್ರವಲ್ಲ. ದೇವಿಯ ಸಿಟ್ಟನ್ನು ಹೇಗೋ ತಡೆದುಕೊಳ್ಳಬಹುದು. ತಾನೇ ಕಿವುಚಿ ಕೊಟ್ಟೆ ಎಂಬುದನ್ನು ಯಾವ ಬಾಯಿಂದ ಹೇಳುವುದು? ಗಂಟೆ ಜೋಡಿಸುತ್ತಲೇ ಇದ್ದಳು, ನೆಗಡಿಯ ಮಾತು ಮಾತ್ರ ನಿಂತುಹೋಯಿತು.

ಮರುವರ್ಷದ ಖಂಡೆಪೂಜೆ. ಟಾಕಿಗೆ ಲಗಮಪ್ಪನೆಂಬ ಹೊಸಬ ಬಂದಿದ್ದ. ರಾಯರು ಅವನಿಗೆ ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ. ಹೇಳಿದರೆ ಯಾಕೆ ಎಂದು ಕೇಳುತ್ತಾನಲ್ಲ! ಪುಣ್ಯಾತ್ಮ ಕುಂಕುಮದ ಬಟ್ಟಲು ಹಿಡಿದು ಓಡಾಡುತ್ತಿದ್ದರು. ಲಗಮಪ್ಪನ ಹೆಂಡತಿ ರಾಯವ್ವ ಸೆರಗಿನಲ್ಲಿ ಏನೋ ಕಟ್ಟಿಕೊಂಡು ಹಿಂದಿನ ಕೋಣೆಗೆ ಹೊರಟಳು.

ಕೆಂಪವ್ವನ ಕೈಯಿಂದ ಸ್ಪ್ರಿಂಗು ಚಿಮ್ಮಿತು. ಎದ್ದವಳೇ ಓಡಿ ರಾಯವ್ವನ ರಟ್ಟೆ ಹಿಡಿದಳು. "ಸೆರಗಿನ್ಯಾಗ ಏನೈತಿ?"

"ಹುಣಸಿಹಣ್ಣ, ಯಕ್ಕಾ. ಟಾಕಿ ತಿಕ್ಕಾಕ."

"ಕೆಂಪವ್ವ, ಸುಮ್ಮನಿರು!" ಎಂದರು ರಾಯರು.

ಅವಳು ಸುಮ್ಮನಿರಲಿಲ್ಲ. "ಒಯ್ಯಬ್ಯಾಡವ್ವ, ನಿನ್ನ ಗಂಡ ಸಾಯತಾನ. ನನ್ನಾಂವ ಸತ್ತದ್ದು ಇದರಿಂದನ. ದೇವಿ ಏನೂ ಮಾಡಿಲ್ಲ. ನಾನ ತಂದೆ, ನಾನ ಕಿವುಚಿ ಕೊಟ್ಟೆ."

ಲಗಮಪ್ಪ ಉಳಿದ. ಕೆಂಪವ್ವನಿಗೆ ಮರುದಿನದಿಂದ ಕೆಲಸವಿಲ್ಲ. ಮುಟ್ಟಾದವಳು ಎಂದಿದ್ದ ಬಾಯಿಗಳೇ ಈಗ ಗಂಡನನ್ನು ಕೊಂದವಳು ಎಂದವು. ನೀಲಕಂಠರಾಯರನ್ನು ಯಾರೂ ಏನೂ ಅನ್ನಲಿಲ್ಲ. ನಾವು ಅವರ ಉಪ್ಪು ತಿನ್ನುವವರು.

ಅವಳು ಸಂಪಗಾಂವಕ್ಕೆ ಹೋದಳು. ಬೇಸಿಗೆಯಲ್ಲಿ ಅಲ್ಲಿ ಹೆಂಗಸರಿಗೆ ಸಿಗುವ ಕೂಲಿ ಒಂದೇ, ಹುಣಸೆಹಣ್ಣಿನ ಬೀಜ ಬಿಡಿಸಿ ಉಂಡೆ ಕಟ್ಟುವುದು. ಮುಂದಿನ ಖಂಡೆಪೂಜೆಯೂ ಕಳೆದ ಮೇಲಿನ ಬೇಸಿಗೆಯಲ್ಲಿ ಲಗಮಪ್ಪ ನೋಡಲು ಹೋದಾಗ, ಮೊಣಕೈವರೆಗೆ ಹಣ್ಣು ಮೆತ್ತಿಕೊಂಡು ಅಂಗಳದಲ್ಲಿ ಕೂತಿದ್ದಳಂತೆ.

"ಈ ಸಲ ಪೂಜಿಗೆ ಟಾಕಿ ಯಾತರಿಂದ ತಿಕ್ಕಿದ್ರಿ?" ಎಂದು ಕೇಳಿದಳಂತೆ, ತಲೆಯೆತ್ತದೆ.

"ಬರೇ ನೀರಿನಿಂದ, ಯವ್ವಾ."

ಅವಳು ಮುಂದಿನ ಉಂಡೆ ಕಟ್ಟಿದಳು.