ಬೆಳ್ಳಿ ಪಾಯಿಂಟಿನ ಪೂಜೆ

ಸ್ಟಾರ್ಟರ್ ರಿಪೇರಿಗೆ ಹೋದಲ್ಲೆಲ್ಲ ಗಿರಾಕಿಗೆ ಒಂದಿಷ್ಟು ಪಾಠ ಹೇಳುವ ಚಟ ನನಗಿತ್ತು. ಅದು ಬಿಟ್ಟದ್ದು ಸಾಲಹಳ್ಳಿಯ ಹಿಟ್ಟಿನ ಗಿರಣಿಯಲ್ಲಿ.

ಆಯುಧಪೂಜೆಯ ಖಂಡೇನವಮಿ ಮುಗಿದು ಎರಡು ದಿನವಾಗಿತ್ತು. ಗಿರಣಿ ನಡೆಸುವ ಗೌರಕ್ಕ ಫೋನ್ ಮಾಡಿ, ‘ಸ್ಟಾರ್ಟರ್ ಟಕ್ ಅಂತೈತಿ, ಮೋಟಾರ್ ತಿರಗವಲ್ದು, ಲಗೂ ಬರ್ರಿ’ ಎಂದರು. ನಾನು ಹೋಗಿ ಮುಟ್ಟುವಷ್ಟರಲ್ಲಿ ಜೋಳದ ಡಬ್ಬಿಗಳ ಪಾಳಿ ಬಾಗಿಲು ದಾಟಿತ್ತು.

ಟಕ್ ಎಂದರೆ ಒಳಗಿನ ಸುರುಳಿ ಸರಿಯಿದೆ. ಗುಂಡಿ ಒತ್ತಿದಾಗ ಅದು ಅಯಸ್ಕಾಂತವಾಗಿ ಪಟ್ಟಿಯನ್ನು ಎಳೆಯುತ್ತದೆ, ಬೆಳ್ಳಿಯ ಪಾಯಿಂಟುಗಳು ಒಂದಕ್ಕೊಂದು ಕೂಡುತ್ತವೆ, ಕರೆಂಟು ದಾಟುತ್ತದೆ. ಕೂಡಿದರೂ ದಾಟುತ್ತಿಲ್ಲವೆಂದರೆ ನಡುವೆ ಏನೋ ಇದೆ. ಮೇನ್ ಬಂದ್ ಮಾಡಿ ಮುಚ್ಚಳ ಬಿಚ್ಚಿದೆ. ಮೂರೂ ಪಾಯಿಂಟುಗಳ ಮೇಲೆ ವಿಭೂತಿ ಗಟ್ಟಿಯಾಗಿ ಒಣಗಿತ್ತು.

‘ಇದನ್ನ ಯಾರು ಹಚ್ಯಾರ್ರೀ?’

‘ನಾನ. ಮೇನ್ ಬಂದ್ ಮಾಡೇ ಹಚ್ಚೇನಿ, ಹುಚ್ಚಿ ಅಲ್ಲ ನಾ.’

‘ಹೊರಗ ಡಬ್ಬಿಗೆ ಪೂಜಿ ಮಾಡಿದ್ರ ಸಾಕಿತ್ತಲ್ಲಬೇ?’

‘ಹ್ವಾದ ವರ್ಷ ನೀವ ಬಿಚ್ಚಿ ತೋರಿಸಿದ್ರಿ, ಯಂತ್ರದ ಜೀವ ಎಲ್ಲಾ ಈ ಬೆಳ್ಳ್ಯಾಗ ಐತಿ ಅಂತ. ಜೀವ ಬಿಟ್ಟು ತಗಡಿಗೆ ಪೂಜಿ ಮಾಡ್ಲೇನು?’

ಪಾಳಿಯಲ್ಲಿದ್ದವರೆಲ್ಲ ನನ್ನ ಮುಖ ನೋಡಿದರು. ಎಣ್ಣೆಬಟ್ಟೆ ತೆಗೆದರೆ ಅದಕ್ಕೂ ತಕರಾರು. ‘ಇಭೂತಿನ ಆ ಹೊಲಸ ಅರಿವೀಲೆ ಒರಸಬ್ಯಾಡ್ರಿ’ ಎಂದು ಗೌರಕ್ಕ ಒಗೆದ ಬಟ್ಟೆ ತಂದುಕೊಟ್ಟರು. ಒರೆಸಿ, ಮುಚ್ಚಳ ಹಾಕಿ, ಗುಂಡಿ ಒತ್ತಿದೆ. ಗಿರಣಿ ಗುಡುಗಿತು.

‘ನೋಡ್ರಿ, ಪೂಜಿ ಸುಳ್ಳ ಹೋಗ್ಲಿಲ್ಲ’ ಎಂದರು ಗೌರಕ್ಕ.

ಈಗ ಯಾವ ಗಿರಾಕಿ ಯಂತ್ರದ ಜೀವ ಎಲ್ಲಿದೆ ಎಂದು ಕೇಳಿದರೂ ಮುಚ್ಚಳದ ಮೇಲೆ ಕೈಯಿಟ್ಟು, ‘ಇಲ್ಲೇ ಐತ್ರಿ’ ಎನ್ನುತ್ತೇನೆ.