ಭಾನುವಾರ ಸಂಜೆ ಸಾಯುತ್ತಿದ್ದ ಎಡ್ವಿನ್ ಅಂಕಲ್

ಒಣಮೆಣಸಿನಕಾಯಿ ಸುಟ್ಟ ಘಾಟು ಮೂಗಿಗೆ ಬಡಿದರೆ ಎಲ್ಲರಿಗೂ ಕೆಮ್ಮು ಬರುತ್ತದೆ. ನನಗೆ ಓಕ್ಲ್ಯಾಂಡಿನ ಆ ಮರದ ಮನೆ ನೆನಪಿಗೆ ಬರುತ್ತದೆ. ಮೊನ್ನೆ ಒಗ್ಗರಣೆ ಸೀದು ಸ್ಮೋಕ್ ಅಲಾರಮ್ಮು ಕಿರುಚಿಕೊಂಡಾಗ ನನ್ನ ಮಗಳು ಟವೆಲು ಬೀಸುತ್ತಾ ಓಡಿ ಬಂದಳು. ನಾನು ಮಾತ್ರ ಒಲೆಯ ಮುಂದೆ ಒಬ್ಬಳೇ ನಗುತ್ತಾ ನಿಂತಿದ್ದೆ. ಎಂಬತ್ತರ ದಶಕದಲ್ಲಿ ನಮ್ಮ ಮನೆಯ ಅಲಾರಮ್ಮು ಹೊಡೆದುಕೊಂಡಿತೆಂದರೆ ಅದಕ್ಕೆ ಒಂದೇ ಕಾರಣ: ಕೆಳಗಿನ ಮನೆಯ ಎಡ್ವಿನ್ ಅಂಕಲ್ ಟೀವಿಯಲ್ಲಿ ಮತ್ತೆ ಸತ್ತಿದ್ದಾರೆ, ಅಜ್ಜಿ ಅವರಿಗೆ ದೃಷ್ಟಿ ತೆಗೆಯುತ್ತಿದ್ದಾಳೆ.

ಮಹಡಿಯಲ್ಲಿ ನಾವು ನಾಲ್ಕು ಜನ. ಅಪ್ಪ ಅಲ್ಲಿನ ಆಸ್ಪತ್ರೆಯೊಂದರಲ್ಲಿ ಡಾಕ್ಟರು. ಅಪ್ಪನ ತಾಯಿಯಾದ ಅಜ್ಜಿ ಮೈಸೂರಿನಿಂದ ಬಂದು ನಮ್ಮೊಡನೆ ನಿಂತಿದ್ದಳು. ಕೆಳಗೆ ಎಡ್ವಿನ್ ಅಂಕಲ್ ಒಬ್ಬರೇ. ಇಂಗ್ಲೆಂಡಿನ ಯಾವುದೋ ಕಡಲ ಊರಿನಲ್ಲಿ ಹುಟ್ಟಿ, ಊರೂರು ತಿರುಗುವ ನಾಟಕ ಕಂಪನಿ ಸೇರಿ, ಆಮೇಲೆ ಲಂಡನ್ನಿನಲ್ಲಿ ಟೀವಿ, ಸಿನಿಮಾ ಅಂತ ಜೀವ ಸವೆಸಿದವರು. ಅಮೆರಿಕದ ಹೆಂಡತಿಯ ಹಿಂದೆ ಓಕ್ಲ್ಯಾಂಡಿಗೆ ಬಂದರು, ಆಕೆ ತೀರಿಕೊಂಡ ಮೇಲೂ ಇಲ್ಲೇ ಉಳಿದರು. ಬೆಳಿಗ್ಗೆ ಅವರು ಉಪ್ಪುನೀರು ಮುಕ್ಕಳಿಸಿ ಗಂಟಲು ಸಾಣೆ ಹಿಡಿಯುವ ಸದ್ದು ಹೀಟರಿನ ಜಾಲರಿಯಿಂದ ಮೇಲಕ್ಕೆ ಬರುತ್ತಿತ್ತು. ಅದು ನಮಗೆ ಸುಪ್ರಭಾತ. ಪೊಲೀಸು, ಪಾದ್ರಿ, ಬಟ್ಲರು, ಯುದ್ಧಕ್ಕೆ ಹೊರಟ ಸಿಪಾಯಿ, ಎಲ್ಲ ಆಗಿದ್ದರು. ಆದರೆ ಯಾವ ಪಾತ್ರವೂ ಕಥೆಯ ಕೊನೆ ಕಂಡಿರಲಿಲ್ಲ. ಅರ್ಧ ದಾರಿಯಲ್ಲಿ ಗುಂಡೋ ವಿಷವೋ ಮುಗಿಸಿಬಿಡುತ್ತಿತ್ತು. "ನನ್ನ ಮುಖವೇ ಅಂಥದ್ದು, ಪುಟ್ಟಿ. ನೋಡಿದವರಿಗೆ ಕೊಲ್ಲಬೇಕು ಅನ್ನಿಸುತ್ತೆ," ಎಂದು ಇಂಗ್ಲಿಷಿನಲ್ಲಿ ಹೇಳಿ ನಗುತ್ತಿದ್ದರು. ಆ ನಗೆಯಲ್ಲಿ ಸ್ವಲ್ಪ ನೋವಿತ್ತು ಎಂದು ಆಗಲೂ ನನಗೆ ಅನ್ನಿಸುತ್ತಿತ್ತು.

ಅವರ ಹಳೆಯ ಸೀರಿಯಲ್ಲುಗಳು ಇಲ್ಲಿನ ಟೀವಿಯಲ್ಲಿ ಭಾನುವಾರ ಸಂಜೆ ಬರುತ್ತಿದ್ದವು. ಅಂಕಲ್ ನಮ್ಮ ಸೋಫಾದಲ್ಲೇ ಕೂತು ಕೋಡುಬಳೆ ಮೆಲ್ಲುತ್ತಾ ತಮ್ಮ ಸಾವನ್ನು ತಾವೇ ನೋಡುತ್ತಿದ್ದರು. ಮೊದಲ ಸಲ ಅವರ ಮುಖದ ಮೇಲೆ ಬಿಳಿ ಬಟ್ಟೆ ಎಳೆದಾಗ ಅಜ್ಜಿ ಧಡಕ್ಕನೆ ಎದ್ದು ಅಡುಗೆಮನೆಗೆ ಹೋದಳು. ಅಮ್ಮ ಹಿಂದೆಯೇ ಹೋಗಿ, "ಅತ್ತೆ, ಅದು ಬರೀ ಆ್ಯಕ್ಟಿಂಗು," ಎಂದಳು. "ನಾಟಕ ಅಂತ ನಂಗೂ ಗೊತ್ತು ಕಣೇ. ಆದ್ರೂ ಬದುಕಿರೋ ಮನುಷ್ಯನ ಮುಖ ಮುಚ್ತಾರೇನೇ?" ಎಂದವಳೇ ಉಪ್ಪು, ಮೆಣಸಿನಕಾಯಿ ಮುಷ್ಟಿಯಲ್ಲಿ ಹಿಡಿದು ಬಂದು ಅಂಕಲ್‌ಗೆ ನಿವಾಳಿಸಿ, ಒಲೆಗೆ ಹಾಕಿದಳು. ಅಲಾರಮ್ಮು ಹೊಡೆದುಕೊಂಡಿತು, ಅಂಕಲ್ ಕೆಮ್ಮಿ ಕೆಮ್ಮಿ ನಿಜವಾಗಿಯೂ ಸಾಯುವ ಹಾಗಾದರು. ಅಂದಿನಿಂದ ಅವರು ಸತ್ತಾಗಲೆಲ್ಲ ಅದೇ ಪದ್ಧತಿ. ಅವರಂತೂ ಕಥೆಯಲ್ಲಿ ಕಣ್ಣು ಮುಚ್ಚಿದ ತಕ್ಷಣ ತಾವಾಗಿಯೇ ಬಂದು ಅಜ್ಜಿಯ ಮುಂದೆ ತಲೆ ಬಾಗಿಸಿ ಕೂರುತ್ತಿದ್ದರು.

ಹೀಗಿರುವಾಗ ಅವರಿಗೊಂದು ಸಿನಿಮಾ ಬಂತು. ಸ್ಯಾನ್ ಫ್ರಾನ್ಸಿಸ್ಕೋದಲ್ಲೇ ಶೂಟಿಂಗು, ತಾತನ ಪಾತ್ರ. "ಸಾಯ್ತಾರಾ?" ಅಜ್ಜಿಯ ಮೊದಲ ಪ್ರಶ್ನೆ. "ನೋ ಅಜ್ಜಿ, ಲಾಸ್ಟ್‌ವರೆಗೂ ಇರ್ತಾರೆ!" ಎಂದೆ. ಕೊನೆಯಲ್ಲಿ ಆ ತಾತ ಮೆಟ್ಟಿಲ ಮೇಲೆ ಮೊಮ್ಮಗಳೊಡನೆ ಕೂತು ಒಂದು ಪುಟದಷ್ಟು ಮಾತಾಡಬೇಕಿತ್ತು. ಸಂಕಟ ಶುರುವಾದದ್ದು ಅಲ್ಲೇ. ಅಂಕಲ್‌ಗೆ ಮರೆವು ಬಂದಿತ್ತು. ನಾಲ್ಕು ಸಾಲು ಹೇಳುವಷ್ಟರಲ್ಲಿ ಐದನೆಯದು ಕೈಬಿಡುತ್ತಿತ್ತು. ತಡವರಿಸಿದರೆ ಕರೆಯಲು ಸಿನಿಮಾದವರು ಇನ್ನೊಬ್ಬ ಮುದುಕನನ್ನು ನೋಡಿಟ್ಟಿದ್ದಾರಂತೆ. ಜೀವಮಾನವೆಲ್ಲ ಕಾದ ಪಾತ್ರ ಬಾಗಿಲಿಗೆ ಬಂದು ವಾಪಸು ಹೋಗುವುದರಲ್ಲಿತ್ತು.

ಅಜ್ಜಿಗೆ ಇಂಗ್ಲಿಷು ಬಾರದು, ಆದರೆ ಬಾಯಿಪಾಠ ಮಾಡಿಸುವುದು ಗೊತ್ತಿತ್ತು. ನನಗೆ ಸ್ತೋತ್ರಗಳನ್ನು ಸಂಥೆ ಹೇಳಿಸುತ್ತಿದ್ದಳು: ಹೇಳಿಕೊಡುವವರು ಒಂದು ಸಲ, ಕಲಿಯುವವರು ಎರಡು ಸಲ. ಸ್ಕೂಲಿನಿಂದ ಬಂದ ಮೇಲೆ ನಾನು ಗುರು, ಅಂಕಲ್ ಶಿಷ್ಯ. ನಾನು ಒಂದು ಸಾಲು ಓದುವುದು, ಅವರು ಚಕ್ಕಳಮಕ್ಕಳ ಹಾಕಲಾಗದೆ ಕಾಲು ಚಾಚಿ ಕೂತು ಎರಡು ಸಲ ಒಪ್ಪಿಸುವುದು. ಅವರು ಹುಬ್ಬು ಹಾರಿಸಿ, ಕೈ ಬೀಸಿ ಅಭಿನಯಕ್ಕೆ ಇಳಿದರೆ ಅಜ್ಜಿ ಗದರುತ್ತಿದ್ದಳು. "ಕುಣಿಯೋದೆಲ್ಲ ಆಮೇಲೆ ಅನ್ನು. ಮೊದ್ಲು ನಾಲಿಗೆ ಮೇಲೆ ಕೂತ್ಕೊಳ್ಲಿ." ನಾನು ಇಂಗ್ಲಿಷಿನಲ್ಲಿ ಹೇಳಿದರೆ ಅಷ್ಟು ದೊಡ್ಡ ನಟರು ಕೈ ಕಟ್ಟಿಕೊಂಡುಬಿಡುತ್ತಿದ್ದರು. ತಪ್ಪಿದರೆ ಮತ್ತೆ ಮೊದಲಿನಿಂದ. ಒಂದೊಂದು ದಿನ ಅವರು ಮುನಿಸಿಕೊಂಡು ಕೆಳಗಿಳಿದು ಹೋಗುತ್ತಿದ್ದರು. ಅಜ್ಜಿ ನನ್ನ ಕೈಯಲ್ಲಿ ಕಾಫಿ ಕಳಿಸಿ ಮತ್ತೆ ಕರೆಸುತ್ತಿದ್ದಳು. ಮೈಸೂರಿನ ಚಾಮರಾಜಪುರಂ ಮನೆಯ ಹಜಾರದ ಕ್ರಮವನ್ನು ಓಕ್ಲ್ಯಾಂಡಿನ ಕಾರ್ಪೆಟ್ಟಿನ ಮೇಲೆ ಆಕೆ ಒಂದಿಷ್ಟೂ ಸಡಿಲಿಸಲಿಲ್ಲ.

ಶೂಟಿಂಗಿನ ದಿನ ಅಪ್ಪ ಅವರನ್ನು ಕಾರಿನಲ್ಲಿ ಸೇತುವೆ ದಾಟಿಸಿ ಬಿಟ್ಟು ಬಂದರು. ಸಂಜೆಯವರೆಗೆ ಅಜ್ಜಿ ಕಿಟಕಿ ಬಿಟ್ಟು ಕದಲಲಿಲ್ಲ. ಟ್ಯಾಕ್ಸಿ ಇಳಿದ ಅಂಕಲ್ ಸೀದಾ ಮಹಡಿ ಹತ್ತಿ ಬಂದು, ಅಜ್ಜಿಯ ಎದುರು ನಿಂತು ಇಡೀ ಪುಟವನ್ನು ಒಂದೇ ಉಸಿರಿಗೆ ಒಪ್ಪಿಸಿದರು. ಅವರ ಕಣ್ಣಲ್ಲಿ ನೀರಿತ್ತು. "ಅಲ್ಲೂ ಹೀಗೇ ಹೇಳಿದ್ರಂತಾ ಕೇಳೇ," ಎಂದಳು ಅಜ್ಜಿ. ಅವರು ಹೂಂ ಎಂದು ತಲೆಯಾಡಿಸಿದರು. ಅಮ್ಮ ಆ ರಾತ್ರಿ ಪಾಯಸ ಮಾಡಿದಳು.

ಆ ಚಳಿಗಾಲ ನ್ಯುಮೋನಿಯಾ ಆಗಿ ಎಡ್ವಿನ್ ಅಂಕಲ್ ಅಪ್ಪನ ಆಸ್ಪತ್ರೆಯಲ್ಲೇ ತೀರಿಕೊಂಡರು. ಸುದ್ದಿ ಕೇಳಿ ಅಜ್ಜಿ ಅಳಲಿಲ್ಲ. ಸುಮ್ಮನೆ ಅಡುಗೆಮನೆಯ ಕೆಲಸ ಮುಂದುವರಿಸಿದಳು. ಅವಳಿಗೆ ಕಲ್ಲು ಮನಸ್ಸು ಎಂದು ನನಗೆ ವಿಪರೀತ ಸಿಟ್ಟು ಬಂದಿತ್ತು. ಈಗ ಆ ಮನೆ ಇಲ್ಲ, ಅಲ್ಲೊಂದು ಅಪಾರ್ಟ್‌ಮೆಂಟು ಎದ್ದಿದೆ. ಅಜ್ಜಿ, ಅಪ್ಪ ಇಬ್ಬರೂ ಹೋದರು. ಬೆಳಿಗ್ಗೆ ಹಾಗೆ ಗಂಟಲು ಸರಿ ಮಾಡಿಕೊಳ್ಳುವವರು ಯಾರೂ ನನ್ನ ಬದುಕಿನಲ್ಲಿ ಉಳಿದಿಲ್ಲ.

ಆ ಸಿನಿಮಾ ತೆರೆಗೆ ಬಂದದ್ದು ಅಂಕಲ್ ತೀರಿಕೊಂಡ ಮರುವರ್ಷದ ಬೇಸಿಗೆಯಲ್ಲಿ. ನಾವೆಲ್ಲ ಹೋದೆವು. ಕೊನೆಯ ದೃಶ್ಯದಲ್ಲಿ ಅಂಕಲ್ ಮೆಟ್ಟಿಲ ಮೇಲೆ ಕೂತು, ಒಂದಕ್ಷರ ತಪ್ಪದೆ, ಸಾವಕಾಶವಾಗಿ ಅಷ್ಟೂ ಮಾತಾಡಿದರು. ಮಾತು ಮುಗಿದ ಮೇಲೂ ಕೂತೇ ಇದ್ದರು, ಬಿಸಿಲು ಕಾಯಿಸುತ್ತಾ. ಅವರ ಮೇಲೆಯೇ ಹೆಸರುಗಳು ಹರಿಯತೊಡಗಿದವು. ಜನ ಎದ್ದರು. "ಏಳಿ ಅತ್ತೆ, ಮುಗೀತು," ಎಂದು ಅಮ್ಮ ಅಜ್ಜಿಯ ಭುಜ ಮುಟ್ಟಿದಳು. ಅಜ್ಜಿಯ ಕೆನ್ನೆಯೆಲ್ಲ ಒದ್ದೆಯಾಗಿತ್ತು.

"ಸ್ವಲ್ಪ ತಾಳೇ," ಎಂದಳು. "ಅವ್ರಿನ್ನೂ ಕೂತಿದಾರೆ. ಬಿಟ್ಟು ಹೇಗೆ ಎದ್ದು ಹೋಗ್ಲಿ?"